ಯಾರೂ ಹಾಡದ ಹಾಡು

ಬಿನ್ನಿಪೇಟೆಯ ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ಭಜನೆಗೆ ಮುನಿಯಣ್ಣನಿಗೇ ಹೇಳಿ ಕಳುಹಿಸುತ್ತಿದ್ದರು. ಗೋಡೆಗೆ ಬಣ್ಣ ಹೊಡೆಯುವ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಅವನು ತಂಬೂರಿ ಬಿಟ್ಟಿರಲಿಲ್ಲ. ಹೆಣದ ಪಕ್ಕ ಕೂತು ತತ್ವಪದ ಎತ್ತಿಕೊಂಡನೆಂದರೆ, ಕಲ್ಲಿನಂತೆ ಕೂತಿದ್ದ ಮಕ್ಕಳೂ ಬಿಕ್ಕಿ ಅತ್ತು ಹಗುರಾಗುತ್ತಿದ್ದರು. ಇಷ್ಟು ಜನರನ್ನು ಅಳಿಸಿದವನು, ತನ್ನ ಹೆಂಡತಿ ಚಿಕ್ಕಗಂಗಮ್ಮ ತೀರಿಕೊಂಡ ದಿನ ಮಾತ್ರ ಹಾಡಲೂ ಇಲ್ಲ, ಅಳಲೂ ಇಲ್ಲ. ಭಜನೆಯ ಜೊತೆಯವರೇ ಹಾಡಿ ಮುಗಿಸಿದರು.

ಹೋದ ವರ್ಷ ಅದೇ ಬೀದಿಯ ಮಹದೇವನ ತಾಯಿ ಪುಟ್ಟಹೊನ್ನಮ್ಮನ ತಿಥಿಗೆ ಕರೆ ಬಂತು. ಮುನಿಯಣ್ಣ ಹೋಗಿ ತಂಬೂರಿಯ ಶ್ರುತಿ ಹಿಡಿಯುತ್ತಿರುವಾಗ, ಮಹದೇವನ ಮಗಳು ಅನು ತನ್ನ ಮೊಬೈಲನ್ನು ಸ್ಪೀಕರಿಗೆ ಜೋಡಿಸಿದಳು. ಹೆಣ್ಣು ದನಿಯೊಂದು ಪುಟ್ಟಹೊನ್ನಮ್ಮನ ಹೆಸರು ಹಿಡಿದು ಕರೆಯಿತು. ಅವಳು ಕಟ್ಟುತ್ತಿದ್ದ ಕನಕಾಂಬರ, ತಾರಸಿಯ ಮೇಲೆ ಹರವುತ್ತಿದ್ದ ಹಪ್ಪಳ, ಎಲ್ಲವೂ ಹಾಡಿನಲ್ಲಿ ಬಂದವು. ಸಾಲಿನ ಕೊನೆಗೆ ದನಿ ನಡುಗಿ ಒಡೆಯುತ್ತಿತ್ತು. ಕೂತಿದ್ದ ಹೆಂಗಸರು ಸೆರಗನ್ನು ಕಣ್ಣಿಗೊತ್ತಿಕೊಂಡರು. ಮುನಿಯಣ್ಣನಿಗೆ ತನ್ನವಳ ನೆನಪು ನುಗ್ಗಿ ಬಂದು, ಅಷ್ಟು ದಿನ ತಡೆದಿದ್ದದ್ದೆಲ್ಲ ಆವತ್ತು ಕಣ್ಣೀರಾಗಿ ಹರಿದುಹೋಯಿತು.

ಹಾಡು ಮುಗಿದ ಮೇಲೆ ಕೇಳಿದ, "ಯಾರಮ್ಮ ಹಾಡಿರೋದು? ಆ ಹೆಣ್ಮಗಳನ್ನ ಒಂದ್ಸಲ ನೋಡ್ಬೇಕಲ್ಲ."

"ಯಾರೂ ಹಾಡಿಲ್ಲ ತಾತ. ಅಜ್ಜಿ ಬಗ್ಗೆ ನಾನು ಬರ್ದು ಹಾಕ್ದೆ, ಎಐ ಹಾಡ್ತು ಅಷ್ಟೇ."

ಅಷ್ಟು ಹೊತ್ತೂ ಬಿಕ್ಕುತ್ತಿದ್ದ ಪಕ್ಕದ ಮನೆಯ ಕಲಾವತಿ ಮೂಗೊರೆಸಿಕೊಂಡು, "ನಂಗೆ ಆಗ್ಲೇ ಅನ್ನಿಸ್ತು, ಏನೋ ತಗಡು ಬಡಿದಂಗಿತ್ತು" ಅಂದಳು. ಮಹದೇವ ಒಪ್ಪಲಿಲ್ಲ. "ಯಾರು ಹಾಡಿದ್ರೇನು, ನಮ್ಮಮ್ಮನ ಹೆಸ್ರಿದೆಯಲ್ಲ" ಎಂದು ಮತ್ತೊಮ್ಮೆ ಹಾಕಿಸಿದ. ಈ ಸಲ ಒಬ್ಬೊಬ್ಬರೇ ಎದ್ದು ಊಟದ ಕಡೆ ನಡೆದರು; ಮಹದೇವನೊಬ್ಬ ಮೊದಲಿನಂತೆಯೇ ಅತ್ತ. ಆಮೇಲೆ ಮುನಿಯಣ್ಣ ಹಾಡಲು ಹೊರಟರೆ ಮೇಲಿನ ಸ್ವರಕ್ಕೆ ಕೆಮ್ಮು ಅಡ್ಡ ಬಂತು. "ಸಾಕು ಬಿಡಿ ಮುನಿಯಣ್ಣೋರೆ, ಆಯಾಸ ಮಾಡ್ಕೋಬೇಡಿ" ಅಂದರು ಯಾರೋ.

ಆ ಮಾತಿಗಿಂತ ತನ್ನ ಅಳುವೇ ಅವನನ್ನು ಹೆಚ್ಚು ಕಾಡಿತು. ಹಾಡಿದವರೇ ಇಲ್ಲವೆಂದ ಮೇಲೆ, ಚಿಕ್ಕಗಂಗಮ್ಮನಿಗಾಗಿ ತಾನು ಅತ್ತದ್ದೂ ಸುಳ್ಳೇ? ಮಾರನೆಯ ವಾರ ತಡೆಯಲಾರದೆ ಅನುವಿನ ಹತ್ತಿರ ಹೋದ. ಹೆಂಡತಿಯ ಹುಟ್ಟೂರು, ಅವಳ ನಗು, ಅವಳು ಮುದ್ದೆ ತಿರುವುತ್ತಿದ್ದ ರೀತಿ ಎಲ್ಲ ಹೇಳಿ ಅವಳ ಮೇಲೂ ಒಂದು ಹಾಡು ಮಾಡಿಸಿದ. ಮಹದೇವನ ಮನೆಯ ಮೆಟ್ಟಿಲ ಮೇಲೆ ಕೂತು ಕೊನೆಯತನಕ ಕೇಳಿದ. ಅದೇ ನಡುಕ, ಅದೇ ಒಡಕು. ಕಣ್ಣು ಮಾತ್ರ ಒದ್ದೆಯಾಗಲಿಲ್ಲ.

"ಚೆನ್ನಾಗಿಲ್ವಾ ತಾತ?"

"ಚೆನ್ನಾಗೈತೆ ಕಣಮ್ಮ. ಅವತ್ತು, ಪಾಪ, ಈ ಹೆಣ್ಮಗಳಿಗೂ ಯಾರೋ ಸತ್ತಿರ್ಬೇಕು ಅಂದ್ಕೊಂಡು ಅತ್ಬಿಟ್ಟೆ. ಈಗ ಆ ಕಡೆ ಯಾರೂ ಇಲ್ಲ ಅಂತ ಗೊತ್ತಲ್ಲ."

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಅವಳ ಹೆಸರು ಸೇರಿಸಿ ತಾನೇ ಒಂದು ಪದ ಹಾಡಲು ನೋಡಿದ. ಎರಡನೆಯ ಸಾಲಿಗೆ ದನಿ ಹೂತುಹೋಯಿತು.

ಸ್ವಲ್ಪ ದಿನಕ್ಕೆ ಗೋವಿಂದರಾಜನಗರದ ಸಾವಿನ ಮನೆಯೊಂದರಿಂದ ಫೋನ್ ಬಂತು. ಗಂಟಲು ಸರಿಯಿಲ್ಲ, ಬರೋಕಾಗಲ್ಲ ಎಂದ. ಆ ಕಡೆಯವನು ಒತ್ತಾಯ ಮಾಡಲಿಲ್ಲ.

"ಪರವಾಗಿಲ್ಲ ಯಜಮಾನ್ರೆ, ಮೊಬೈಲಲ್ಲೇ ಏನಾದ್ರೂ ಹಾಕ್ಕೋತೀವಿ" ಎಂದು ಇಟ್ಟುಬಿಟ್ಟ.