ಟವೆಲ್ ಬಲ್ಲವಳಿಗೆ ಬೇಕಾದ ಸರ್ಟಿಫಿಕೇಟ್

ಹರಪನಹಳ್ಳಿಯ ಕುರಿ ಸಂತೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟಗರುಗಳ ನಡುವೆ ಸ್ವೆಟರ್ ತೊಟ್ಟು ನಿಂತಿರುವ ಸುಕನ್ಯಾ ಅವರ ಫೋನು ಆಗಲೇ ಬಡಿದುಕೊಳ್ಳುತ್ತಿದೆ. ‘ಮೇಡಂ, ಬಿಸಿನೆಸ್ ಅನಾಲಿಸಿಸ್ ಸರ್ಟಿಫಿಕೇಟ್, ಪಾಸ್ ಗ್ಯಾರಂಟಿ!’ ಯಾವುದೋ ಕೋಚಿಂಗ್ ಸೆಂಟರಿನವರು. “ಒಂದ್ಸಲ ವಿಚಾರಿಸಿದ್ದ ತಪ್ಪಾತ್ರಿ. ಈಗ ಕೋಳಿಗಿಂತ ಮೊದ್ಲು ಇವ್ರ ಕೂಗ್ತಾರ” ಎಂದು ನನಗೆ ಹೇಳುತ್ತಾ ಕರೆ ಕತ್ತರಿಸುತ್ತಾರೆ.

ಸುಕನ್ಯಾ ಊರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಕುರಿ ವ್ಯಾಪಾರಿಗಳ ಸಂಘಕ್ಕಾಗಿ ಕಳೆದ ವರ್ಷ ಆ್ಯಪ್ ಮಾಡಿಸಿ, ಹೇಳಿದ ದಿನಕ್ಕೇ ಕೊಟ್ಟರು. ಯಾವ ಕುರಿ ಎಷ್ಟಕ್ಕೆ ಹೋಯಿತೆಂದು ಸಂತೆಯ ಬಾಗಿಲಲ್ಲಿ ದೊಡ್ಡ ಪರದೆ ತೋರಿಸಬೇಕಿತ್ತು. ಒಬ್ಬರೂ ಬಳಸಲಿಲ್ಲ. ಬಳಸುವುದಾದರೂ ಹೇಗೆ? ಇಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿಯೇ ಇಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಒಂದೇ ಟವೆಲ್ಲಿನ ಕೆಳಗೆ ಸೇರುತ್ತವೆ. ಬೆರಳು ಹಿಡಿದೇ ಚೌಕಾಸಿ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಆ ಗುಟ್ಟನ್ನು ತಂದು ಬಾಗಿಲಿಗೆ ತೂಗುಹಾಕಿದರೆ ಯಾರು ಒಪ್ಪುತ್ತಾರೆ?

“ನಮ್ಮ ಮಾಲಕರಿಗೆ ‘ಬ್ಯಾಡ ಸರ್, ಮೊದ್ಲು ಕೇಳೋಣ’ ಅಂದೆ. ‘ಟೈಮಿಗೆ ಮುಗ್ಸೋದು ನಿಮ್ಮ ಕೆಲ್ಸ, ಕೇಳೋದಲ್ಲ’ ಅಂದ್ರು. ಆದ್ರೂ ಕೇಳಿ ಬಂದು ಹೇಳ್ದೆ. ಕೊನಿಗೆ ಬೈಸ್ಕೊಂಡಾಕಿ ನಾನು.”

ಈಗ ಸಂಘ ಇನ್ನೊಂದು ಅವಕಾಶ ಕೊಟ್ಟಿದೆ. ಕಂಪನಿಯ ಮಾಲೀಕ ಅರುಣಕುಮಾರ್‌ಗೆ ತಡವಾಗಿ ಜ್ಞಾನೋದಯ: ಬಳಸುವವರಿಗೆ ಏನು ಬೇಕೆಂದು ವಿಚಾರಿಸುವ ಕೆಲಸವನ್ನು, ಅಂದರೆ ಬಿಸಿನೆಸ್ ಅನಾಲಿಸಿಸನ್ನು, ಸರ್ಟಿಫಿಕೇಟ್ ಇದ್ದವರಿಗೇ ಕೊಡಬೇಕಂತೆ. ಸುಕನ್ಯಾ ಈ ವಾರ ಸರ್ಟಿಫಿಕೇಟ್ ಪರೀಕ್ಷೆಗೆ ಅರ್ಜಿ ಹಾಕದಿದ್ದರೆ ಹೊರಗಿನವರೊಬ್ಬರು ಬರುತ್ತಾರೆ. ಟವೆಲ್ ಕಂಡರೆ ಮುಖ ಒರೆಸಿಕೊಳ್ಳುವವರು.

ಸರಿ, ಯಾವ ಸರ್ಟಿಫಿಕೇಟ್? ಒಂದು ಹೊಸಬರದು, ಅನುಭವ ಬೇಡ. ಇನ್ನೊಂದು ಅನುಭವಿಗಳದು, ಅದಕ್ಕೆ ವಿಚಾರಿಸಿ ವಿಶ್ಲೇಷಣೆ ಮಾಡಿದ ಗಂಟೆಗಳನ್ನು ಸಾಕ್ಷಿ ಸಮೇತ ತೋರಿಸಬೇಕು, ಪ್ರಾಜೆಕ್ಟ್ ನಡೆಸಿದ್ದು ಲೆಕ್ಕಕ್ಕಿಲ್ಲ. ಇಂಟರ್ನೆಟ್ಟಿನ ಸಲಹೆಗಳಂತೂ ಮೈಲಾರದ ಕಾರಣಿಕದ ಹಾಗೆ, ಅವರವರಿಗೆ ಬೇಕಾದ ಅರ್ಥ. “ಸಣ್ಣದ ತಗೊಳ್ರಿ, ಕಾಗದ ಕಾಗದಾನ” ಎನ್ನುತ್ತಾರೆ ಅರುಣಕುಮಾರ್. ಸುಕನ್ಯಾ ಅವರ ತಾಯಿ ಪಂಪಮ್ಮನದು ಬೇರೆಯೇ ರಾಗ: “ನಿನ್ನ ಮಗಳು ಎಸ್ಸೆಲ್ಸಿ ಅದಾಳ. ಪರೀಕ್ಷಿ ಆಕಿದೋ ನಿಂದೋ?”

ಮೆಕ್ಕೆಜೋಳದ ಮಂಡಿಯಿಂದ ಈ ಸಂತೆಯವರೆಗೆ ಪ್ರತಿ ಪ್ರಾಜೆಕ್ಟಿನಲ್ಲೂ ಜನರ ಬಳಿ ಹೋಗಿ ವಿಚಾರಿಸಿದ್ದು ಸುಕನ್ಯಾ ಅವರೇ. ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟೆ. “ಇಷ್ಟು ವರ್ಷ ಮಾಡಿ ಹೊಸಬರ ಬೆಂಚಿನ್ಯಾಗ ಕುಂದ್ರಂದ್ರ ಹೊಟ್ಟಿ ಉರಿತೈತ್ರಿ” ಎನ್ನುತ್ತಾರೆ. ಆದರೆ ಆ ಕೆಲಸಕ್ಕೆ ಸಾಕ್ಷಿ ಹೇಳಲು ಅರುಣಕುಮಾರ್ ಒಪ್ಪಿಲ್ಲ. ಸಂತೆಯಲ್ಲಿ ನಿಂತು ಮಾತಾಡಿದ್ದು ಅನಾಲಿಸಿಸ್ ಹೇಗಾಗುತ್ತದೆ ಎಂಬುದು ಅವರ ಪ್ರಶ್ನೆ. ಅಳಿಯ ಅಲ್ಲ, ಮಗಳ ಗಂಡ! ಕೇಳಿ ನನಗೇ ಮೈ ಉರಿಯಿತು.

ಒಂದು ದಾರಿ ಉಳಿದಿದೆ. ಗಿರಾಕಿಯೂ ಸಾಕ್ಷಿ ಹೇಳಬಹುದು. ಹಾಗಾಗಿ ಸುಕನ್ಯಾ ಇವತ್ತು ವ್ಯಾಪಾರಿಗಳ ಸಂಘದ ಹಿರಿಯ, ದಲ್ಲಾಳಿ ಅಜ್ಜಯ್ಯನವರ ಮುಂದೆ ನಿಂತಿದ್ದಾರೆ.

“ಏನಂತ ಹೇಳ್ಬೇಕವ್ವಾ ನಾನು?”

“ಖರೇ ಏನೈತಿ ಅದನ್ನ ಹೇಳು, ದೊಡ್ಡಪ್ಪಾ.”

“ಪರದಿ ಹಾಕಾಕ ಹತ್ತು ಮಂದಿ ಬಂದ್ರು. ಬ್ಯಾಡೋ ಬೇಕೋ ಅಂತ ಕೇಳಿದಾಕಿ ನೀನೊಬ್ಬಾಕಿ. ಹೇಳ್ತೀನಿ ಬಿಡು.”

“ಹಂಗಾರ ದೊಡ್ಡ ಪರೀಕ್ಷಿನ ಬರೀತೀನಿ” ಎನ್ನುತ್ತಾರೆ ಸುಕನ್ಯಾ, ಯಾರಿಗೂ ಅಲ್ಲ ಎಂಬಂತೆ.

ಅಜ್ಜಯ್ಯ ಹೆಗಲ ಮೇಲಿನ ಟವೆಲ್ ಎಳೆದು ತಮ್ಮ ಬಲಗೈ ಮೇಲೆ ಹರಡಿ, ಅವರತ್ತ ಚಾಚುತ್ತಾರೆ. ಸುತ್ತಲಿನವರು ತಿರುಗಿ ನೋಡುತ್ತಾರೆ. ಈ ಸಂತೆಯಲ್ಲಿ ಹೆಂಗಸರಿಗೆ ಯಾರೂ ಟವೆಲ್ ಚಾಚಿದ್ದಿಲ್ಲ. ಸುಕನ್ಯಾ ಕ್ಷಣ ಅಳುಕಿ, ಕೈ ಒಳಗಿಡುತ್ತಾರೆ. ಬೆರಳುಗಳು ಏನೋ ಹೇಳುತ್ತವೆ, ಏನೋ ಕೇಳುತ್ತವೆ. ಕೈ ಹೊರಬಂದಾಗ ಅವರ ಮುಖದ ತುಂಬ ನಗು.

ಏನಂದರು ಎಂದು ಕೇಳುತ್ತೇನೆ.

“ಹೇಳಂಗಿಲ್ರಿ” ಎನ್ನುತ್ತಾರೆ. “ಟವೆಲ್ ಕೆಳಗಿಂದು ಹೊರಗ ಆಡಿದ್ರ, ನಾಳಿ ನಂಗ ಯಾರು ಏನು ಹೇಳ್ತಾರ?”