ಬೂಟಿಗೆ ಬಂಗಾರದ ಬಣ್ಣ

ದೋಣಿಗೆ ಬಣ್ಣ ಹಚ್ಚಿ ಕೈ ಪಳಗಿದವನಿಗೆ ಜಗತ್ತಿನ ಸಾಮಾನೆಲ್ಲ ದೋಣಿಯ ಹಾಗೇ ಕಾಣ್ತದೆ. ಅದೇ ನನ್ನ ರೋಗ. ಸದಾಶಿವಗಡದ ನಮ್ಮ ಮನೆಯ ಗೇಟು, ಕೋಳಿಗೂಡು, ಹೆಂಡತಿಯ ಹೊಲಿಗೆ ಮಶಿನ್ನಿನ ಕಾಲು, ಎಲ್ಲಕ್ಕೂ ದೋಣಿಗೆ ಹಚ್ಚಿ ಉಳಿದ ಬಣ್ಣವೇ. ಯಾವುದೂ ತಕರಾರು ಮಾಡಿರಲಿಲ್ಲ, ಮೊಮ್ಮಗಳ ಬೂಟು ನನ್ನ ಕೈಗೆ ಬರುವ ತನಕ.

ಮಾನಸಿಗೆ ಒಂಬತ್ತು ವರ್ಷ. ಹುಟ್ಟಿದಾಗಿಂದ ಬಲಗಾಲು ಎರಡು ಬೆರಳಿನಷ್ಟು ಗಿಡ್ಡ. ಅದಕ್ಕೇ ಕರಿ ಚರ್ಮದ ಬೂಟಿನ ಜೊತೆ, ಬಲಗಾಲಿನದಕ್ಕೆ ದಪ್ಪ ಅಟ್ಟೆ, ಅಳತೆ ಕೊಟ್ಟು ಮಾಡಿಸಿದ್ದು. ಹಾಳಾದರೆ ಇನ್ನೊಂದು ಜೊತೆಗೆ ತಿಂಗಳು ಕಾಯಬೇಕು. ಶಾಲೆಯ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವದ ಡ್ಯಾನ್ಸಿಗೆ ಅವಳ ಗುಂಪಿನ ಹುಡುಗಿಯರೆಲ್ಲ ಬಂಗಾರ ಬಣ್ಣದ ಚಪ್ಪಲಿ ತಂದಿದ್ದರು. ಇವಳಿಗೆ ಮಾತ್ರ ಆ ಕರಿ ಬೂಟೇ ಗತಿ. "ಹಂಗಾದ್ರೆ ನಾ ಕುಣಿಯೂದೇ ಇಲ್ಲ" ಅಂದು ಗೋಡೆ ಕಡೆ ತಿರುಗಿ ಮಲಗಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗ್ತಿರಲಿಲ್ಲ.

ಬೆಳಗಾದ ಕೂಡಲೇ, ದೋಣಿಯ ಮೇಲೆ ಹೆಸರು ಬರೆಯುವ ಬಂಗಾರದ ಬಣ್ಣದ ಡಬ್ಬಿ ಬಿಚ್ಚಿದೆ. ಉಪ್ಪುನೀರಿಗೂ ಜಗ್ಗದ ಬಣ್ಣ ಅದು. ದಪ್ಪಗೆ ಒಂದು ಕೈ ಬಳಿದೆ. ಒಣಗಿದ ಮೇಲೆ ದೇವರ ಪಾದುಕೆಯ ಹಾಗೆ ಹೊಳೀತಿತ್ತು. ಮಾನಸಿ ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟಳು ನೋಡಿ, ಬೆರಳು ಮಡಚುವ ಜಾಗದಲ್ಲಿ ಬಣ್ಣ ಬೇಸಿಗೆಯ ಗದ್ದೆಯಂತೆ ಬಿರಿಯಿತು. ದೋಣಿ ಎಲ್ಲಿಯಾದರೂ ಮಡಚಿಕೊಳ್ತದೆಯೇ? ಬೂಟು ಮಡಚಿಕೊಳ್ತದೆ ಅನ್ನುವುದು ಈ ತಲೆಗೆ ಹೊಳೆದಿರಲೇ ಇಲ್ಲ.

ಮಾನಸಿ ಬೂಟು ಬಿಚ್ಚಿ ನನ್ನ ಮುಂದಿಟ್ಟಳು. ಮಾತು ಅನ್ನುವ ಕೆಲಸ ನನ್ನ ಹೆಂಡತಿಯದು: "ತಳಕ್ಕೊಂದು ಕೈ ಡಾಂಬರೂ ಹಾಕ್ಬೇಕಿತ್ತು. ತೇಲ್ತಿತ್ತು."

ಗ್ಯಾದರಿಂಗಿಗೆ ನಾಲ್ಕೇ ದಿನ. ಬೂಟು ಚೀಲಕ್ಕೆ ಹಾಕಿ ಅಂಕೋಲೆಯ ಬಸ್ಸು ಹತ್ತಿದೆ. ಪೇಟೆಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ನನಗೆ ಹಳೆಯ ಪರಿಚಯ. ಅವರು ಬೂಟನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದ್ದು ಇಷ್ಟು: "ಅಜ್ಜಾ, ಬಣ್ಣವನ್ನ ಚರ್ಮ ಕುಡೀಬೇಕು. ನೀವು ಅದಕ್ಕೆ ಅಂಗಿ ತೊಡಿಸಿದ್ರಿ."

ನಾನು ಶಾಲೆಯಲ್ಲಿ ನಾಲ್ಕನೇ ಇಯತ್ತೆಯನ್ನೂ ಮುಗಿಸಿದವನಲ್ಲ. ಆದರೂ ಆ ಮಾತು ಅರ್ಥವಾಯಿತು. ಅವರೇ ಬಿರಿದ ಬಣ್ಣ ಕೆರೆದು ತೆಗೆದರು, ಚರ್ಮಕ್ಕೆಂದೇ ಇರುವ ಬಂಗಾರದ ಬಣ್ಣದ ಸಣ್ಣ ಬಾಟ್ಲಿ ಕೊಟ್ಟರು. ಮನೆಗೆ ಬಂದು ಸೊಸೆಯ ಉಗುರುಬಣ್ಣ ತೆಗೆಯುವ ನೀರನ್ನು ಹತ್ತಿಗೆ ಹಾಕಿ, ಹಳೆಯ ಹೊಳಪು ಹೋಗುವ ತನಕ ಒರೆಸಿದೆ. ಒಳಗೆ ಕಾಗದ ತುರುಕಿ, ತೆಳ್ಳಗೆ ಒಂದು ಕೈ. ಒಣಗಿದ ಮೇಲೆ ಮಡಚಿ ನೋಡಿ ಇನ್ನೊಂದು ಕೈ. ಹೀಗೆ ನಾಲ್ಕು ಸಲ. ಡಬ್ಬಿಗಟ್ಟಲೆ ಬಣ್ಣ ಬಳಿದ ಕೈಗೆ ಹನಿ ಬಣ್ಣ ಹಚ್ಚುವುದೇ ಕಷ್ಟ.

ಗ್ಯಾದರಿಂಗಿನ ದಿನ ಮುಂದಿನ ಸಾಲಿನಲ್ಲೇ ಕೂತಿದ್ದೆ. ಮಾನಸಿ ಬಂದಳು, ಬಗ್ಗಿದಳು, ತಿರುಗಿದಳು, ತುದಿಬೆರಳ ಮೇಲೆ ನಿಂತಳು. ಎಲ್ಲೂ ಒಂದು ಗೆರೆ ಬಿರಿಯಲಿಲ್ಲ. ಹಾಡು ಮುಗಿದಾಗ ಉಸಿರು ಬಿಟ್ಟೆ. ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ.

"ಪೋರಿ ಎಷ್ಟ್ ಚಂದ ನಗ್ತಿತ್ತು, ಅಲ್ರೀ?" ಅಂದಳು ಹೆಂಡತಿ.

ನಗ್ತಿತ್ತೇ? ನಾನು ಹಾಡಿನ ಉದ್ದಕ್ಕೂ ಬೂಟಿನ ಮಡಿಕೆಯನ್ನಲ್ಲದೆ ಬೇರೆ ಏನನ್ನೂ ನೋಡಿರಲಿಲ್ಲ.

ಮನೆಗೆ ಬಂದು ತಪ್ಪೊಪ್ಪಿಕೊಂಡೆ. ಮಾನಸಿ ಸೊಂಟಕ್ಕೆ ಕೈಯಿಟ್ಟು ನನ್ನನ್ನು ಕಣ್ಣಲ್ಲೇ ಅಳೆದಳು. ಆಮೇಲೆ ಅಂಗಳದಲ್ಲಿ, ಅದೇ ಬೂಟಿನಲ್ಲಿ, ನನ್ನೊಬ್ಬನಿಗಾಗಿ ಮತ್ತೊಮ್ಮೆ ಕುಣಿದಳು. ಒಂದೇ ಷರತ್ತು: "ಅಜ್ಜಾ, ಕೆಳಗೆ ನೋಡೂಕಿಲ್ಲ."

ನೋಡಲಿಲ್ಲ. ಆ ಕುಣಿತಕ್ಕೆ ಬಣ್ಣ ಉಳಿಯಿತೋ ಬಿರಿಯಿತೋ, ನನಗೆ ಗೊತ್ತಿಲ್ಲ.