ಬೇಡವಾದ ಮತ್ತಿ ಮರ

ಮೊನ್ನೆ ಬಾಗಿಲು ಮಾಡಿಸಲೆಂದು ಕುಶಾಲನಗರದ ಸಾಮಿಲ್ಲಿಗೆ ಹೋಗಿದ್ದೆ. ಅಲ್ಲಿ ಹಸಿ ಸಿಲ್ವರ್ ಓಕ್ ಮರ ಕೊಯ್ಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟೆಲ್ಲ ನೆತ್ತಿಗೇರಿತು. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ಶುದ್ಧ ಸುಳ್ಳು.

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಒಕ್ಕಲು ಮನೆಯ ಹುಡುಗಿ ನಾನು. ಟೀಚರ್ ಕೆಲಸ ಸಿಕ್ಕಿ ಪಶ್ಚಿಮದ ಕಡೆಯ ಒಂದು ಹಳ್ಳಿಗೆ ಹೋದೆ. ಶಾಲೆಯ ಪಕ್ಕದಲ್ಲೇ ತೋಡು, ಅಂದರೆ ಹಳ್ಳ, ತೋಡಿನಾಚೆ ಒಬ್ಬ ಅಕ್ಕನ ಮನೆ. ಗಂಡ ಇರಲಿಲ್ಲ, ಒಬ್ಬಳೇ ಮಗಳು. ಅಕ್ಕನ ಬಾಯಿ ಎಷ್ಟು ಜೋರೆಂದರೆ, ಆಚೆ ದಡದಿಂದಲೇ "ಟೀಚರೇ, ಊಟ ಆತಾ?" ಎಂದು ಕೂಗುತ್ತಿದ್ದರು. ಮಕ್ಕಳೆಲ್ಲ ನನಗಿಂತ ಮೊದಲೇ "ಆತು!" ಎಂದು ಉತ್ತರ ಕೊಡುತ್ತಿದ್ದವು.

"ನನ್ನ ಮಗಳೂ ನಿಮ್ಮಂಗೇ ಟೀಚರ್ ಆಗೊಕು" ಎಂಬುದು ಅಕ್ಕನ ಹಟ. ಹುಡುಗಿ ಚುರುಕೇ. ಆದರೆ ತೋಡು ದಾಟಲು ಇದ್ದದ್ದು ಮರದ ದಿಮ್ಮಿ ಅಡ್ಡ ಹಾಕಿದ ಕಾಲುಸೇತುವೆ, ಅವರ ಮಾತಿನಲ್ಲಿ ಪಾಲ. ಪ್ರತಿ ಮಳೆಗಾಲ ಅದು ಕೊಚ್ಚಿಹೋಗುತ್ತಿತ್ತು, ಹುಡುಗಿ ಮನೆಯಲ್ಲೇ ಉಳಿಯುತ್ತಿದ್ದಳು. ಹಾಗಾಗಿಯೇ ಏಳನೇ ಕ್ಲಾಸಿನಲ್ಲಿ ಫೇಲಾದಳು. ಇನ್ನೊಂದು ಸಲ ಫೇಲಾದರೆ ಮದುವೆ ಎಂದು ಅವಳ ಚಿಕ್ಕಪ್ಪ ಹೇಳಿಬಿಟ್ಟಿದ್ದರು.

ಪಂಚಾಯ್ತಿಗೆ ಸ್ವಂತ ಕಟ್ಟಡವಿಲ್ಲದೆ ಶನಿವಾರ ಮಧ್ಯಾಹ್ನ ನಮ್ಮ ಶಾಲೆಯಲ್ಲೇ ಮೀಟಿಂಗು. ದೊಡ್ಡ ದೊಡ್ಡ ಗಂಡಸರು ಮಕ್ಕಳ ಬೆಂಚಿನ ಮೇಲೆ ಕೂತು ವೀಳ್ಯ ಜಗಿಯುತ್ತಿದ್ದರು. ಆ ಬೇಸಿಗೆಯಲ್ಲಿ ಅಕ್ಕ ನೇರ ಒಳಗೆ ಬಂದರು.

"ಪ್ರೆಸಿಡೆಂಟ್ರೇ, ಮನೆ ಹಿಂದೆ ಮತ್ತಿ ಮರ ಗಾಳಿಗೆ ಬಿದ್ದುಟು. ಗಟ್ಟಿ ಮರ. ಕೊಂಡೋಗಿ ಪಾಲ ಹಾಕಿ. ದುಡ್ಡು ಬೇಡ."

"ಅದು ಹಂಗಲ್ಲಮ್ಮ. ಪಂಚಾಯ್ತಿ ಪುಕ್ಕಟೆ ತಕ್ಕೊಳ್ಳೋ ಹಂಗಿಲ್ಲ. ಟೆಂಡರ್ ಕರೀಬೇಕು, ನಾಲ್ಕು ಜನ ರೇಟು ಹೇಳ್ಬೇಕು."

"ಹಂಗಾರೆ ಕರೀರಿ."

"ಕರೆಯೋಣ. ಈಗೇನು ಅರ್ಜೆಂಟು?"

ಆ ಅರ್ಜೆಂಟಿನ ಮಹಿಮೆ ನನಗೆ ಆಮೇಲೆ ತಿಳಿಯಿತು. ಸಾವಕಾಶದ ಕೆಲಸಕ್ಕೆ ಟೆಂಡರ್ ಬೇಕು, ಅರ್ಜೆಂಟಾದರೆ ಬೇಡ. ಯಾರಿಂದ ಬೇಕಾದರೂ ನೇರ ಕೊಳ್ಳಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಇವರು ಕೊಳ್ಳೆ ಹೋಗಲಿ ಎಂದೇ ಕಾಯುತ್ತಿದ್ದವರು! ಪಾಲ ಕೊಚ್ಚಿಹೋದ ಮರುವಾರವೇ ಮೀಟಿಂಗಿನಲ್ಲಿ ಎಲ್ಲರೂ ಅರ್ಜೆಂಟು ಎಂದು ಒಪ್ಪಿ ಕೈ ಎತ್ತುತ್ತಿದ್ದರು, ಪ್ರೆಸಿಡೆಂಟರ ಭಾವನ ಎಸ್ಟೇಟಿನಿಂದ ಸಿಲ್ವರ್ ದಿಮ್ಮಿ ಬರುತ್ತಿತ್ತು. ಆ ಮರ ನೀರಿಗೆ ತಾಳುವುದಿಲ್ಲ, ಹಾಗಾಗಿ ಮುಂದಿನ ವರ್ಷಕ್ಕೂ ವ್ಯಾಪಾರ ಗ್ಯಾರಂಟಿ. ಭಾವನ ತೋಟದಲ್ಲಿ ಮರ ಬಲಿತರೆ ಮಳೆ ಬರ್ತದೆ ಎಂದು ಊರವರು ನಗುತ್ತಿದ್ದರು. ನಗುವುದಷ್ಟೇ. ಮತ್ತಿ ಮರ ಎಳೆದು ತರಲು ಅಕ್ಕ ಮನೆಮನೆಗೆ ಹೋಗಿ ಕರೆದರೆ ಒಬ್ಬರೂ ಬರಲಿಲ್ಲ. ಪ್ರೆಸಿಡೆಂಟರನ್ನು ಯಾರು ಎದುರು ಹಾಕಿಕೊಳ್ಳುತ್ತಾರೆ?

ನನಗೆ ತಡೆಯಲಾಗಲಿಲ್ಲ. ಒಂದು ಶನಿವಾರ ಮೀಟಿಂಗಿನಲ್ಲೇ ಪ್ರೆಸಿಡೆಂಟರಿಗೆ, "ಮಳೆ ವರ್ಷಾ ವರ್ಷಾ ಬರ್ತದಲ್ಲ ಸಾರ್, ಅದು ಮೊದಲೇ ಗೊತ್ತಿರೋದೇ ತಾನೇ?" ಅಂದೆ.

"ಬಯಲುಸೀಮೆಯವರು ನೀವು. ನಮ್ಮ ಮಳೆ ನಿಮಗೇನು ಗೊತ್ತು ಟೀಚರಮ್ಮ?" ಎಂದು ಹಲ್ಲು ಕಿರಿದರು.

ಆ ವರ್ಷವೂ ಅದೇ ಕತೆ. ಪಾಲ ಹೋಯಿತು, ಹಸಿ ಸಿಲ್ವರ್ ದಿಮ್ಮಿ ಬಂತು. ಕಕ್ಕಡದ, ಅಂದರೆ ಆಷಾಢದ, ಮಳೆಯಲ್ಲಿ ಹುಡುಗಿಯ ಕಾಲಡಿಯಲ್ಲೇ ಒಂದು ದಿಮ್ಮಿ ಹೊರಳಿತು. ಇನ್ನೊಂದನ್ನು ತಬ್ಬಿಕೊಂಡು ಹೇಗೋ ಬದುಕಿದಳು, ಪುಸ್ತಕದ ಚೀಲ ನೀರುಪಾಲಾಯಿತು. ಅಕ್ಕ ಮತ್ತೆ ಅವಳನ್ನು ಕಳುಹಿಸಲಿಲ್ಲ. "ಮಗಳು ಬೇಕಾ, ಪರೀಕ್ಷೆ ಬೇಕಾ, ನೀವೇ ಹೇಳಿ ಟೀಚರೇ" ಅಂದರು.

ಸಂಜೆ ಹೊತ್ತು ಕೊಡೆ ಹಿಡಿದು ಈಚೆ ದಡದಲ್ಲಿ ನಿಂತು ಪಾಠ ಕೂಗುತ್ತಿದ್ದೆ. ಅವಳು ಆಚೆ ದಡದಲ್ಲಿ ಮಳೆಗೆ ಎಲೆಯ ಗೊರಬೆ ಹಾಕಿಕೊಂಡು ಕಿವಿಗೆ ಕೈ ಇಟ್ಟು ನಿಲ್ಲುತ್ತಿದ್ದಳು. ತೋಡಿನ ಅಬ್ಬರಕ್ಕೆ ಅರ್ಧವೂ ಮುಟ್ಟುತ್ತಿರಲಿಲ್ಲ... ಆದರೂ ತಲೆ ಅಲ್ಲಾಡಿಸುತ್ತಿದ್ದಳು, ಪಾಪ.

ಫೇಲಾದಳು. ಚಿಕ್ಕಪ್ಪ ಗಂಡು ಗೊತ್ತು ಮಾಡಿದರು. ಮದುವೆಯ ದಿನ ಅಕ್ಕ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಮಗಳ ಜೊತೆ ಕಳುಹಿಸಲು ಹೊಸ ಮಂಚ ಮಾಡಿಸಿದ್ದರು. ಅದನ್ನು ಅಂಗೈಯಿಂದ ಬಡಿದು, "ನೋಡಿ ಟೀಚರೇ, ಮತ್ತಿ ಮರ. ಪಾಲ ಆಗೊಕಿತ್ತು" ಅಂದರು. ಅಷ್ಟು ಜೋರು ಬಾಯಿಯ ಅಕ್ಕ ಅದನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ... ನಾನು ಅಂದು ಊಟ ಮಾಡಲಿಲ್ಲ.

ಆಮೇಲೆ ನನಗೆ ವರ್ಗವಾಯಿತು. ಅಕ್ಕ ತೀರಿಕೊಂಡ ಸುದ್ದಿ ತಿಂಗಳುಗಟ್ಟಲೆ ಕಳೆದ ಮೇಲೆ ಯಾರಿಂದಲೋ ಮುಟ್ಟಿತು. ಮುಖ ನೋಡುವುದಕ್ಕೂ ಆಗಲಿಲ್ಲ. ನನ್ನ ಹತ್ತಿರ ಓದಿದ ಎಷ್ಟೋ ಹೆಣ್ಣುಮಕ್ಕಳು ಈಗ ಟೀಚರಾಗಿದ್ದಾರೆ, ಕೆಲವರು ರಿಟೈರೂ ಆಗಿದ್ದಾರೆ. ಮನೆಗೆ ಬಂದು ಕಾಲಿಗೆ ಬೀಳುತ್ತಾರೆ. ಸಂತೋಷವೇ. ಆದರೆ ತಲೆ ಮುಟ್ಟಿ ಹರಸುವಾಗಲೆಲ್ಲ ಅಕ್ಕನ ಮಗಳ ಮುಖ ಕಣ್ಣಿಗೆ ಬರುತ್ತದೆ.